ಬರೆದವರೇ ದುಡ್ಡು ಕೊಡಬೇಕೆ?

ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದ ಸುದ್ದಿಯನ್ನು ನಾನು 2025ರ ಮೇ 21ರ ಬೆಳಿಗ್ಗೆ ಓದಿದೆ. ಹಾವೇರಿ ಜಿಲ್ಲೆಯ ನಮ್ಮ ತಾಲ್ಲೂಕು ಗ್ರಂಥಾಲಯದಲ್ಲಿ ಎಫ್‌ಡಿಎ ಪರೀಕ್ಷೆಗೆ ತಯಾರಿ ನಡೆಸುತ್ತಿದ್ದ ದಿನಗಳವು. ಅಭ್ಯಾಸಬಲದಿಂದ ಪ್ರಚಲಿತ ವಿದ್ಯಮಾನಗಳ ನೋಟ್‌ಬುಕ್ ತೆಗೆದು ಬರೆದುಕೊಂಡೆ: ಕೃತಿ 'ಹಾರ್ಟ್ ಲ್ಯಾಂಪ್', ಅನುವಾದಕಿ ದೀಪಾ ಭಾಸ್ತಿ, ಕಥೆಗಳ ಸಂಖ್ಯೆ 12, ಬಹುಮಾನ 50 ಸಾವಿರ ಪೌಂಡ್, ಇಬ್ಬರಿಗೂ ಸಮಪಾಲು, ಈ ಪ್ರಶಸ್ತಿ ಪಡೆದ ಮೊದಲ ಕಥಾಸಂಕಲನ. ಪರೀಕ್ಷೆಯಲ್ಲಿ ಬಂದರೆ ಒಂದು ಅಂಕ.

ಅದೇ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ನಾನು ಬರೆದ ಒಂದು ಕಥೆಯೂ ಇತ್ತು. ಯಾರಿಗೂ ತೋರಿಸಿರಲಿಲ್ಲ. ಕನ್ನಡದ ಕಥೆಗಳು ಲಂಡನ್ನಿನವರೆಗೆ ಹೋಗಿ ಬಂದ ಆ ವಾರ, ನನ್ನ ಕಥೆ ಕನಿಷ್ಠ ನಮ್ಮೂರಿನ ಬಸ್ ನಿಲ್ದಾಣವನ್ನಾದರೂ ದಾಟಲಿ ಎಂಬ ಆಸೆ ಹುಟ್ಟಿತು. ಸರಿಯಾಗಿ ಅದೇ ಹೊತ್ತಿಗೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಪೋಸ್ಟರ್ ಬಂತು. 'ಯುವ ಬರಹಗಾರರಿಗೆ ಸುವರ್ಣಾವಕಾಶ. ನೂರು ಲೇಖಕರ ಸಂಕಲನ. ಪ್ರಮಾಣಪತ್ರ ಮತ್ತು ಸ್ಮರಣಿಕೆ. ನೋಂದಣಿ ಶುಲ್ಕ 600 ರೂಪಾಯಿ.'

ಕೊಟ್ಟೆ. ಕಥೆ ಕಳಿಸಿದ ಮರುದಿನವೇ 'ನಿಮ್ಮ ಕಥೆ ಆಯ್ಕೆಯಾಗಿದೆ' ಎಂಬ ಸಂದೇಶ ಬಂತು. ಪ್ರಮಾಣಪತ್ರ ಪಿಡಿಎಫ್‌ನಲ್ಲಿ ಬಂತು, ಅದರಲ್ಲಿ ನನ್ನ ಹೆಸರಿನ ಕಾಗುಣಿತವೇ ತಪ್ಪಾಗಿತ್ತು. ಪುಸ್ತಕ ಬೇಕಾದರೆ ಬೇರೆ ಹಣ ಕಟ್ಟಬೇಕು ಎಂದರು. ಹೊಲಿಗೆ ಕೆಲಸ ಮಾಡುವ ನಮ್ಮವ್ವನಿಗೆ ಇದನ್ನೆಲ್ಲ ವಿವರಿಸಿದಾಗ ಅವಳು ಸೂಜಿಯಿಂದ ಕಣ್ಣು ತೆಗೆಯದೆ ಕೇಳಿದಳು: 'ನಾ ಜಂಪರ್ ಹೊಲದು ಕೊಟ್ರ ಮಂದಿ ನನಗ ರೊಕ್ಕ ಕೊಡ್ತಾರ. ನೀ ಕಥಿ ಬರದು ಕೊಟ್ಟು, ಮ್ಯಾಲ ರೊಕ್ಕಾನೂ ನೀನ ಕೊಟ್ಟಿ. ಇದೆಂಥಾ ವ್ಯಾಪಾರ?'

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ತಿಳಿದ ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಹಾಗೆ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಬರೆಯುವವರು ಈ ಪುಟದ ಓದುಗರಲ್ಲಿ ಬಹಳ ಮಂದಿ ಇದ್ದಾರೆ ಎಂಬ ನಂಬಿಕೆಯಿಂದ.

ಇದು ಯಾರ ಮಾರುಕಟ್ಟೆ?

ಮೊದಲು ಸರಳ ಲೆಕ್ಕ. ನೂರು ಜನ ತಲಾ 600 ರೂಪಾಯಿ ಕೊಟ್ಟರೆ 60 ಸಾವಿರ ರೂಪಾಯಿ. ಪುಸ್ತಕ ಅಚ್ಚಾಗುವ ಮೊದಲೇ ಹಣ ಕೈಸೇರಿರುತ್ತದೆ. ಆಮೇಲೆ ಒಂದು ಪ್ರತಿಯೂ ಅಂಗಡಿಯಲ್ಲಿ ಮಾರಾಟವಾಗದಿದ್ದರೂ ನಷ್ಟವಿಲ್ಲ. ಕೊಳ್ಳಬೇಕಾದವರು ಆಗಲೇ ಕೊಂಡಾಗಿದೆ, ಅವರು ಬರೆದವರೇ. ಹೀಗಾಗಿ ಕಥೆ ಚೆನ್ನಾಗಿದೆಯೋ ಇಲ್ಲವೋ ಎಂದು ನೋಡುವ ಅಗತ್ಯ ಯಾರಿಗೂ ಇರುವುದಿಲ್ಲ. ಒಂದೇ ದಿನದಲ್ಲಿ ನನ್ನ ಕಥೆ ಆಯ್ಕೆಯಾದದ್ದು ಏಕೆ ಎಂಬುದು ಆಗ ಅರ್ಥವಾಯಿತು. ಅದನ್ನು ಯಾರೂ ಓದಿರಲಿಲ್ಲ.

ಇಂಥ ವ್ಯಾಪಾರ ನಡೆಯಲು ನಮ್ಮ ಕಡೆಯಿಂದಲೂ ಕಾರಣವಿದೆ. ಪದವಿ ಮುಗಿಸಿ ಕೆಲಸ ಹುಡುಕುವ ನಮಗೆ ಪ್ರಮಾಣಪತ್ರ ಎಂದರೆ ಒಂದು ಬಗೆಯ ಭರವಸೆ. ರೆಸ್ಯೂಮೆಯಲ್ಲಿ ಒಂದು ಸಾಲು ಹೆಚ್ಚುತ್ತದೆ, ಸ್ಟೇಟಸ್‌ನಲ್ಲಿ ಹಾಕಬಹುದು, ಮನೆಯವರಿಗೆ ತೋರಿಸಬಹುದು. ಜೊತೆಗೆ ಪತ್ರಿಕೆಗೆ ಕಥೆ ಕಳಿಸಿದರೆ ಉತ್ತರವೇ ಬಾರದ ಮೌನ. ದುಡ್ಡು ಕಟ್ಟಿದರೆ ಮರುದಿನವೇ ಅಭಿನಂದನೆ. ಕೆಲಸದ ಅರ್ಜಿಗಳಿಗೂ ಮೌನವೇ ಉತ್ತರವಾಗಿರುವ ಕಾಲದಲ್ಲಿ 'ಆಯ್ಕೆಯಾಗಿದೆ' ಎಂಬ ಶಬ್ದಕ್ಕೆ 600 ರೂಪಾಯಿ ದುಬಾರಿ ಅನ್ನಿಸುವುದಿಲ್ಲ.

ಸ್ವಂತ ಖರ್ಚಿನಲ್ಲಿ ಪುಸ್ತಕ ತರುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಕನ್ನಡ ಕಾದಂಬರಿಯ ಮೊದಲಿಗರಲ್ಲಿ ಒಬ್ಬರಾದ ಗಳಗನಾಥರು ನಮ್ಮ ಜಿಲ್ಲೆಯವರೇ. ಅವರು ತಮ್ಮ ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದ ಕಥೆಯನ್ನು ನಮ್ಮ ಕಡೆ ಈಗಲೂ ಹೇಳುತ್ತಾರೆ. ಅವರು ಕಷ್ಟಪಟ್ಟದ್ದು ಪುಸ್ತಕವನ್ನು ಓದುಗನ ಮನೆಗೆ ಮುಟ್ಟಿಸಲು. ನಾನು ದುಡ್ಡು ಕೊಟ್ಟ ಪುಸ್ತಕ ಮುಟ್ಟುವುದು ಬರೆದವರ ಮನೆಗಳಿಗೆ ಮಾತ್ರ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಶುಲ್ಕವಿಲ್ಲದ ಬಾಗಿಲುಗಳು

ಹಾಗಾದರೆ ನಿಜವಾದ ಅವಕಾಶಗಳು ಇಲ್ಲವೇ? ಇವೆ. ನಾನು ಅಂದುಕೊಂಡದ್ದಕ್ಕಿಂತ ಹೆಚ್ಚೇ ಇವೆ. ತೊಂದರೆಯೆಂದರೆ, ದುಡ್ಡು ಕೇಳುವವರು ನಮ್ಮ ಮೊಬೈಲನ್ನೇ ಹುಡುಕಿಕೊಂಡು ಬರುತ್ತಾರೆ. ದುಡ್ಡು ಕೇಳದವರ ಪ್ರಕಟಣೆ ಪತ್ರಿಕೆಯ ಒಳಪುಟದ ಒಂದು ಮೂಲೆಯಲ್ಲಿ ನಾಲ್ಕು ಸಾಲಾಗಿ ಬಂದು ಹೋಗುತ್ತದೆ.

ಕಾಲೇಜಿನಲ್ಲಿ ಓದುತ್ತಿರುವವರಿಂದ ಶುರು ಮಾಡೋಣ. ಬೆಂಗಳೂರಿನ ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘ ಬೇಂದ್ರೆ ಹೆಸರಿನಲ್ಲಿ ಕವನ ಸ್ಪರ್ಧೆಯನ್ನೂ ಅ.ನ.ಕೃ. ಹೆಸರಿನಲ್ಲಿ ಕಥಾ ಸ್ಪರ್ಧೆಯನ್ನೂ ನಾಡಿನ ಎಲ್ಲ ಕಾಲೇಜು ವಿದ್ಯಾರ್ಥಿಗಳಿಗಾಗಿ ನಡೆಸಿಕೊಂಡು ಬಂದಿದೆ. ಮೆಚ್ಚುಗೆ ಪಡೆದ ರಚನೆಗಳನ್ನು ಪುಸ್ತಕವಾಗಿಯೂ ತಂದಿದೆ. ಚಿ. ಶ್ರೀನಿವಾಸರಾಜು ಮೇಷ್ಟ್ರು ಕಟ್ಟಿ ಬೆಳೆಸಿದ ಸಂಘ ಅದು. ನಾನು ಮೂರು ವರ್ಷ ಬಿ.ಎ. ಓದಿದರೂ ಇದರ ಸುದ್ದಿ ನನ್ನ ಕಿವಿಗೆ ಬೀಳಲಿಲ್ಲ. ಗೊತ್ತಾಗುವ ಹೊತ್ತಿಗೆ ನಾನು ವಿದ್ಯಾರ್ಥಿಯಾಗಿ ಉಳಿದಿರಲಿಲ್ಲ. ಈಗ ಓದುತ್ತಿರುವವರು ನಿಮ್ಮ ಕನ್ನಡ ವಿಭಾಗದಲ್ಲಿ ಇವತ್ತೇ ವಿಚಾರಿಸಿ.

ಎರಡನೆಯದು ಪತ್ರಿಕೆಗಳು. ದೀಪಾವಳಿ, ಯುಗಾದಿ ವಿಶೇಷಾಂಕಗಳ ಕಥಾ ಸ್ಪರ್ಧೆಗಳು ಕನ್ನಡದ ಎಷ್ಟೋ ಕಥೆಗಾರರಿಗೆ ಮೊದಲ ಮೆಟ್ಟಿಲಾಗಿವೆ. ಪ್ರಜಾವಾಣಿಯ ದೀಪಾವಳಿ ಕಥೆ ಮತ್ತು ಕವನ ಸ್ಪರ್ಧೆ ಇವುಗಳಲ್ಲಿ ಹೆಸರಾದದ್ದು. ಇವುಗಳಿಗೆ ಹಬ್ಬಕ್ಕೆ ಕೆಲವು ತಿಂಗಳ ಮೊದಲೇ ಆಹ್ವಾನ ಬಂದಿರುತ್ತದೆ. ಹಬ್ಬದ ದಿನ ವಿಶೇಷಾಂಕ ಕೊಂಡು 'ನಾನೂ ಕಳಿಸಬಹುದಿತ್ತು' ಎನ್ನುವುದು ನಮ್ಮೆಲ್ಲರ ವಾಡಿಕೆ. ಸ್ಪರ್ಧೆಯ ಹೊರತಾಗಿಯೂ ಭಾನುವಾರದ ಪುರವಣಿಗಳು, ಸುಧಾ, ತರಂಗದಂಥ ವಾರಪತ್ರಿಕೆಗಳು, ಮಯೂರ, ತುಷಾರ, ಕಸ್ತೂರಿಯಂಥ ಮಾಸಪತ್ರಿಕೆಗಳು ಇವೆ. ಹಾಗೆಂದು ಎಲ್ಲವೂ ಮೊದಲಿನಂತಿಲ್ಲ. ಕೊರೊನಾ ಕಾಲದಲ್ಲಿ ಪುರವಣಿಗಳ ಪುಟಗಳು ಕಡಿಮೆಯಾದವು. ಬರೆಯುವವರ ಸಂಖ್ಯೆ ಮಾತ್ರ ಕಡಿಮೆಯಾಗಲಿಲ್ಲ. ಸಾಲು ಉದ್ದವಾಗಿದೆ ಎಂಬುದನ್ನು ತಿಳಿದೇ ಸಾಲಿನಲ್ಲಿ ನಿಲ್ಲಬೇಕು.

ಮೂರನೆಯದು ಹಸ್ತಪ್ರತಿಯ ಸ್ಪರ್ಧೆಗಳು. ಕಥೆಗಾರ ವಸುಧೇಂದ್ರ ಅವರ ಛಂದ ಪುಸ್ತಕ ಪ್ರಕಾಶನವು ಹೊಸ ಕಥೆಗಾರರಿಂದ ಸಂಕಲನದ ಹಸ್ತಪ್ರತಿ ಆಹ್ವಾನಿಸಿ, ಆಯ್ಕೆಯಾದದ್ದಕ್ಕೆ ಬಹುಮಾನ ಕೊಟ್ಟು, ತಾನೇ ಪ್ರಕಟಿಸುವ ಪದ್ಧತಿ ಇಟ್ಟುಕೊಂಡು ಬಂದಿದೆ. ಇಲ್ಲಿಂದ ಬಂದ ಪುಸ್ತಕಗಳು ಎಲ್ಲಿಗೆ ಹೋದವು ನೋಡಿ: ಶಾಂತಿ ಕೆ. ಅಪ್ಪಣ್ಣ ಅವರ 'ಮನಸು ಅಭಿಸಾರಿಕೆ' 2017ರಲ್ಲಿ, ಪದ್ಮನಾಭ ಭಟ್ ಶೇವ್ಕಾರ ಅವರ 'ಕೇಪಿನ ಡಬ್ಬಿ' 2018ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ ಪಡೆದವು. ಕವಿಗಳಿಗೆ ಕರಾವಳಿಯಲ್ಲಿ ಮುದ್ದಣ ಕಾವ್ಯ ಪ್ರಶಸ್ತಿ ಮತ್ತು ಕಡೆಂಗೋಡ್ಲು ಕಾವ್ಯ ಪ್ರಶಸ್ತಿಗಳಿವೆ. ಬುಕ್ ಬ್ರಹ್ಮ ಸಂಸ್ಥೆ ಸ್ವಾತಂತ್ರ್ಯೋತ್ಸವದ ಹೆಸರಿನಲ್ಲಿ ಕಥಾ ಸ್ಪರ್ಧೆ ನಡೆಸುತ್ತ ಬಂದಿದೆ. ಬೆಂಗಳೂರಿನ ಟೋಟೋ ಸಂಸ್ಥೆ ಮೂವತ್ತರೊಳಗಿನ ಬರಹಗಾರರಿಗೆ ಕನ್ನಡದಲ್ಲಿಯೂ ಸೃಜನಶೀಲ ಬರವಣಿಗೆಯ ಪುರಸ್ಕಾರ ಕೊಡುತ್ತದೆ.

ಸರ್ಕಾರದ ಬಾಗಿಲುಗಳೂ ಇವೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಯ ಪ್ರಕಟಣೆಗೆ ಪ್ರೋತ್ಸಾಹಧನ ನೀಡುವ ಯೋಜನೆ ನಡೆಸುತ್ತದೆ. ಕರ್ನಾಟಕ ಸಾಹಿತ್ಯ ಅಕಾಡೆಮಿಯ ದತ್ತಿ ಬಹುಮಾನಗಳಲ್ಲಿ ಮಧುರಚೆನ್ನರ ಹೆಸರಿನದು ಲೇಖಕರ ಮೊದಲ ಸ್ವತಂತ್ರ ಕೃತಿಗೇ ಮೀಸಲು. ಕೇಂದ್ರದ ಪಿಎಂ-ಯುವ ಯೋಜನೆ 2021ರಲ್ಲಿ ಆರಂಭವಾಯಿತು. ನ್ಯಾಷನಲ್ ಬುಕ್ ಟ್ರಸ್ಟ್ ಇದನ್ನು ನಡೆಸುತ್ತದೆ. ಮೂವತ್ತರೊಳಗಿನವರು ಕೊಟ್ಟ ವಿಷಯದ ಮೇಲೆ ಪುಸ್ತಕದ ಪ್ರಸ್ತಾವ ಕಳಿಸಬೇಕು. ಆಯ್ಕೆಯಾದರೆ ಆರು ತಿಂಗಳು ತಿಂಗಳಿಗೆ 50 ಸಾವಿರ ರೂಪಾಯಿ, ಮಾರ್ಗದರ್ಶನ, ಪುಸ್ತಕದ ಮಾರಾಟದ ಮೇಲೆ ಶೇ 10ರಷ್ಟು ರಾಯಧನ. ಕೇಳಲು ಬಹಳ ಚೆನ್ನಾಗಿದೆ. ಆದರೆ 2025ರ ಮೂರನೇ ಆವೃತ್ತಿಯಲ್ಲಿ ಇಡೀ ದೇಶಕ್ಕೆ 50 ಸ್ಥಾನಗಳು. 22 ಭಾಷೆಗಳು ಮತ್ತು ಇಂಗ್ಲಿಷಿಗೆ ಹಂಚಿದರೆ ಒಂದು ಭಾಷೆಗೆ ಸರಾಸರಿ ಎರಡು. ಅರ್ಜಿ ಹಾಕಿ, ಆದರೆ ಅದನ್ನೇ ನಂಬಿ ಕೂರಬೇಡಿ.

ವಯಸ್ಸಿನ ಗಡಿಯಾರ

ಈ ಪಟ್ಟಿಯನ್ನು ಬರೆದಿಟ್ಟುಕೊಂಡಾಗ ನನಗೆ ಒಂದು ವಿಷಯ ಎದ್ದು ಕಂಡಿತು. ಟೋಟೋಗೆ ಮೂವತ್ತರೊಳಗೆ, ಪಿಎಂ-ಯುವಗೆ ಮೂವತ್ತರೊಳಗೆ. 2011ರಲ್ಲಿ ಆರಂಭವಾದ, 50 ಸಾವಿರ ರೂಪಾಯಿಯ ಯುವ ಪುರಸ್ಕಾರಕ್ಕೆ 35ರ ಮಿತಿ, ಅಷ್ಟರೊಳಗೆ ಪುಸ್ತಕ ಹೊರಬಂದಿರಬೇಕು. ಅಂದರೆ ಯುವ ಬರಹಗಾರರಿಗಾಗಿ ತೆರೆದಿರುವ ವರ್ಷಗಳೂ ನಮ್ಮಂಥವರು ಕೆಪಿಎಸ್‌ಸಿ, ಬ್ಯಾಂಕು, ಪೊಲೀಸ್ ನೇಮಕಾತಿ ಎಂದು ಓಡಾಡುವ ವರ್ಷಗಳೂ ಒಂದೇ.

ತಂದೆ-ತಾಯಿಗೆ ಸಂಬಳವಿರುವ ಮನೆಯ ಮಕ್ಕಳು ಈ ವರ್ಷಗಳಲ್ಲಿ ಬರೆಯುತ್ತ ಕೂರಬಹುದು. ಉಳಿದವರು 'ಮೊದಲು ನೌಕರಿ, ಆಮೇಲೆ ಬರವಣಿಗೆ' ಎನ್ನುತ್ತಾರೆ. ನೌಕರಿ ಸಿಕ್ಕಾಗ ಅರ್ಜಿಯ ವಯಸ್ಸು ಮುಗಿದಿರುತ್ತದೆ. ಹೀಗಿರುವಾಗ ಹಳ್ಳಿ ಮತ್ತು ಸಣ್ಣ ಊರುಗಳ ಬರಹಗಾರರಿಗೆ ಮಾಹಿತಿ ಆರು ತಿಂಗಳು ತಡವಾಗಿ ತಲುಪುವುದು ಸಣ್ಣ ವಿಷಯವಲ್ಲ. ನೇಮಕಾತಿ ಅಧಿಸೂಚನೆ ಒಂದು ದಿನ ತಡವಾಗಿ ಗೊತ್ತಾದರೆ ನಾವು ಎಷ್ಟು ಪರದಾಡುತ್ತೇವೆ ಎಂದು ನೆನಪಿಸಿಕೊಳ್ಳಿ.

ಈ ಪ್ರಕಟಣೆಗಳನ್ನೆಲ್ಲ ವರ್ಷಕ್ಕೊಂದು ವೇಳಾಪಟ್ಟಿ ಮಾಡಿ ಪ್ರತಿ ಕಾಲೇಜಿಗೆ, ಪ್ರತಿ ಗ್ರಂಥಾಲಯಕ್ಕೆ ಕಳಿಸುವುದು ಸಾಹಿತ್ಯ ಅಕಾಡೆಮಿಗೋ ಪುಸ್ತಕ ಪ್ರಾಧಿಕಾರಕ್ಕೋ ದೊಡ್ಡ ಖರ್ಚಿನ ಕೆಲಸವಲ್ಲ. ಒಂದು ಹಾಳೆ ಸಾಕು. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ನಾನೂ ಹೋಗಿದ್ದೆ. ಮೂರು ದಿನ ಓಡಾಡಿ ಚೀಲ ತುಂಬ ಪುಸ್ತಕ ತಂದೆ. 'ಬರೆಯುವ ಹುಡುಗ ಹುಡುಗಿಯರು ಇಲ್ಲಿಗೆ ಕಳಿಸಿ' ಎನ್ನುವ ಅಂಥ ಒಂದು ಹಾಳೆ ಮಾತ್ರ ನನ್ನ ಕೈಗೆ ಸಿಗಲಿಲ್ಲ.

ಕಳಿಸುವ ಮುನ್ನ

ಪೆಟ್ಟು ತಿಂದು ಕಲಿತ ಕೆಲವು ಸಂಗತಿಗಳು ಇವು.

ಹಣ ಯಾವ ಕಡೆಗೆ ಹರಿಯುತ್ತಿದೆ ಎಂದು ಮೊದಲು ನೋಡಿ. ಸಂಘಟಕರು ಸಣ್ಣ ಶುಲ್ಕ ಕೇಳಿದ ಮಾತ್ರಕ್ಕೆ ಮೋಸ ಎನ್ನಲಾಗದು. ಆದರೆ ತೀರ್ಪುಗಾರರು ಯಾರು, ಹಿಂದಿನ ವರ್ಷ ಗೆದ್ದವರು ಯಾರು, ಆ ಪುಸ್ತಕ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಕೇಳಿ. ಈ ಮೂರಕ್ಕೂ ನೇರ ಉತ್ತರ ಬಾರದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ. 'ಐಎಸ್‌ಬಿಎನ್ ಸಂಖ್ಯೆಗಾಗಿ ಇಷ್ಟು' ಎಂದು ಹಣ ಕೇಳಿದರೆ ನೆನಪಿಡಿ, ಭಾರತದಲ್ಲಿ ರಾಜಾ ರಾಮಮೋಹನ ರಾಯ್ ಹೆಸರಿನ ಸರ್ಕಾರಿ ಏಜೆನ್ಸಿ ಆ ಸಂಖ್ಯೆಯನ್ನು ಉಚಿತವಾಗಿ ಕೊಡುತ್ತದೆ.

ನಿಯಮಗಳ ಕೊನೆಯ ಸಾಲು ಓದಿ. 'ಎಲ್ಲ ಹಕ್ಕುಗಳೂ ಸಂಘಟಕರದ್ದು' ಎಂದು ಎಷ್ಟೋ ಕಡೆ ಇರುತ್ತದೆ. ಬರೆದ ಕ್ಷಣದಿಂದಲೇ ಕಥೆಯ ಹಕ್ಕು ನಿಮ್ಮದು, ಅದಕ್ಕೆ ನೋಂದಣಿ ಬೇಕಿಲ್ಲ. ಅದು ಲೇಖಕರ ಜೀವಿತಾವಧಿ ಮತ್ತು ಅವರ ನಂತರ 60 ವರ್ಷ ಉಳಿಯುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿ, ಸಹಿಯೊಂದಿಗೆ ಆಗಬೇಕು. ಎಷ್ಟು ವರ್ಷಕ್ಕೆ ಎಂದು ಹೇಳದಿದ್ದರೆ ಐದು ವರ್ಷಕ್ಕೆ ಎಂದೇ ಅರ್ಥ. ನಾಳೆ ನಿಮ್ಮ ಕಥೆ ಅನುವಾದವಾಗಬಹುದು, ಕಿರುಚಿತ್ರವಾಗಬಹುದು. 'ಹಾರ್ಟ್ ಲ್ಯಾಂಪ್'ನಲ್ಲಿ 1990ರ ಹೊತ್ತಿನಿಂದ ಬರೆದ ಕಥೆಗಳಿವೆ. ಮೂರು ದಶಕದ ನಂತರ ಯಾವ ಕಥೆಗೆ ಯಾವ ಬಾಗಿಲು ತೆರೆಯುತ್ತದೋ ಯಾರಿಗೆ ಗೊತ್ತು? ಹಕ್ಕು ಕೈಯಲ್ಲಿದ್ದರೆ ಮಾತ್ರ ಆ ಬಾಗಿಲು ನಿಮ್ಮದು.

ಫೇಸ್‌ಬುಕ್‌ನಲ್ಲಿ ಹಾಕಿದ ಕಥೆಯನ್ನು ಸ್ಪರ್ಧೆಗೆ ಕಳಿಸಬೇಡಿ. ಸ್ಪರ್ಧೆಗಳು ಸಾಮಾನ್ಯವಾಗಿ 'ಸ್ವತಂತ್ರ, ಅಪ್ರಕಟಿತ' ಎಂಬ ದೃಢೀಕರಣ ಕೇಳುತ್ತವೆ. ಸಾಮಾಜಿಕ ಜಾಲತಾಣದಲ್ಲಿ ಬಂದದ್ದನ್ನೂ ಹಲವರು ಪ್ರಕಟವಾದದ್ದೆಂದೇ ಎಣಿಸುತ್ತಾರೆ. ಪದಮಿತಿ ಮೀರಬೇಡಿ. ಕಥೆಯ ಪುಟದಲ್ಲಿ ಹೆಸರು ಬೇಡ ಎಂದಿದ್ದರೆ ಹಾಕಬೇಡಿ. ನುಡಿಯಲ್ಲಿ ಕಳಿಸಬೇಕೋ ಯೂನಿಕೋಡ್‌ನಲ್ಲೋ ನೋಡಿಕೊಳ್ಳಿ. ನಾನು ನುಡಿಯಲ್ಲಿ ಟೈಪ್ ಮಾಡಿದ ಕಥೆಯನ್ನು ಹಾಗೆಯೇ ಮೇಲ್‌ನಲ್ಲಿ ಅಂಟಿಸಿ ಕಳಿಸಿದ್ದೆ. ಆ ಕಡೆಯವರಿಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಂಡಿತ್ತು. ಅವರು ಸೌಜನ್ಯದಿಂದ ತಿಳಿಸಿದ್ದಕ್ಕೆ ಗೊತ್ತಾಯಿತು, ಇಲ್ಲದಿದ್ದರೆ ನನ್ನ ಕಥೆ ತಿರಸ್ಕೃತವಾಯಿತೆಂದು ಸಂಪಾದಕರ ಮೇಲೆ ಸಿಟ್ಟಾಗುತ್ತಿದ್ದೆ.

ಕೊನೆಯದಾಗಿ, ಒಂದು ದಿನಚರಿ ಇಡಿ. ಯಾವ ಬರಹ, ಎಲ್ಲಿಗೆ, ಯಾವ ದಿನ ಎಂದು ಬರೆದಿಡಿ. ಮೂರು-ನಾಲ್ಕು ತಿಂಗಳು ಕಾಯ್ದು ಒಂದು ವಿನಯದ ಪತ್ರ ಬರೆಯಿರಿ. ಉತ್ತರವಿಲ್ಲದಿದ್ದರೆ 'ಹಿಂಪಡೆಯುತ್ತಿದ್ದೇನೆ' ಎಂದು ತಿಳಿಸಿ, ತಿದ್ದಿ, ಬೇರೆ ಕಡೆ ಕಳಿಸಿ. ಒಂದೇ ಬರಹವನ್ನು ಒಂದೇ ಹೊತ್ತಿಗೆ ನಾಲ್ಕು ಕಡೆ ಕಳಿಸಿ ಸಂಪಾದಕರನ್ನು ಇಕ್ಕಟ್ಟಿಗೆ ಸಿಕ್ಕಿಸಬೇಡಿ.

ಗ್ರಂಥಾಲಯದ ಫಲಕ

ನನ್ನ ದಿನಚರಿಯಲ್ಲಿ ಈವರೆಗೆ ಒಂಬತ್ತು ನಮೂದುಗಳಿವೆ. ಎರಡು ಸ್ಪರ್ಧೆಗಳಲ್ಲಿ ಏನೂ ಬರಲಿಲ್ಲ. ಐದಕ್ಕೆ ಮೌನ. ಒಂದು ಇನ್ನೂ ಅವರ ಕೈಯಲ್ಲಿದೆ. ಒಂದು ಸಣ್ಣ ಪ್ರಬಂಧ ಪುರವಣಿಯೊಂದರಲ್ಲಿ ಅಚ್ಚಾಯಿತು, 500 ರೂಪಾಯಿ ಗೌರವಧನ ಬಂತು. ಅವ್ವನಿಗೆ ತೋರಿಸಿದೆ. ಅವಳು ಪತ್ರಿಕೆಯನ್ನು ಎರಡು ಸಲ ತಿರುವಿ ನೋಡಿ, 'ಇನ್ನೂ ನೂರು ರೂಪಾಯಿ ಲುಕ್ಸಾನ ಐತಿ' ಎಂದಳು. ಆದರೂ ಆ ಹಾಳೆಯನ್ನು ಮಡಚಿ ಟ್ರಂಕಿನಲ್ಲಿ ಇಟ್ಟವಳು ಅವಳೇ.

ನಮ್ಮ ಗ್ರಂಥಾಲಯದಲ್ಲಿ ನೇಮಕಾತಿ ಅಧಿಸೂಚನೆಗಳನ್ನು ಅಂಟಿಸುವ ಒಂದು ಫಲಕವಿದೆ. ಗ್ರಂಥಪಾಲಕರನ್ನು ಕೇಳಿ ಅದರ ಎಡಮೂಲೆಯಲ್ಲಿ ಒಂದು ಹಾಳೆಯಷ್ಟು ಜಾಗ ಪಡೆದೆ. ಪತ್ರಿಕೆಗಳಲ್ಲಿ ಬರುವ ಕಥೆ, ಕವನ, ಪ್ರಬಂಧ ಸ್ಪರ್ಧೆಗಳ ಪ್ರಕಟಣೆಯನ್ನು ಕತ್ತರಿಸಿ ಅಂಟಿಸುತ್ತೇನೆ. ಕೊನೆಯ ದಿನಾಂಕವನ್ನು ಕೆಂಪು ಪೆನ್ನಿನಲ್ಲಿ ಬರೆಯುತ್ತೇನೆ. ದಿನಾಂಕ ಮುಗಿದದ್ದನ್ನು ಕಿತ್ತು ಹಾಕುತ್ತೇನೆ. ವಾರಕ್ಕೆ ಹತ್ತು ನಿಮಿಷದ ಕೆಲಸ. ನಿಮ್ಮ ಕಾಲೇಜಿನಲ್ಲಿ, ಹಾಸ್ಟೆಲಿನಲ್ಲಿ, ಊರಿನ ಗ್ರಂಥಾಲಯದಲ್ಲಿ ಯಾರಾದರೂ ಒಬ್ಬರು ಇದನ್ನು ಮಾಡಬಹುದು. ಅಕಾಡೆಮಿಯ ಹಾಳೆ ಬರುವವರೆಗೆ ನಮ್ಮ ಹಾಳೆ ಇರಲಿ.

ಕಳೆದ ವಾರ ಪಿಯುಸಿ ಓದುವ ಹುಡುಗಿಯೊಬ್ಬಳು ಫಲಕದ ಮುಂದೆ ನಿಂತು ಒಂದು ಕವನ ಸ್ಪರ್ಧೆಯ ವಿವರಗಳನ್ನು ಅಂಗೈ ಮೇಲೆ ಬರೆದುಕೊಳ್ಳುತ್ತಿದ್ದಳು. ನನ್ನನ್ನು ನೋಡಿ, 'ಅಣ್ಣಾ, ಇದಕ್ಕ ಫೀಸು ಎಷ್ಟು ಅಂತ ಬರದಿಲ್ಲಲ್ಲ?' ಎಂದು ಕೇಳಿದಳು. ಇದಕ್ಕೆ ಫೀಸಿಲ್ಲ ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ. ಹತ್ತಿರ ಹೋಗಿ ಆ ನಾಲ್ಕು ಸಾಲನ್ನು ಮತ್ತೊಮ್ಮೆ ಮೊದಲಿನಿಂದ ಓದತೊಡಗಿದಳು.